ಹಾವಿನ ಕನಸಿಗೆ ಫ್ರಾಯ್ಡ್ ಸಾಕ್ಷಿ ಬೇಡ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಕನಸಲ್ಲಿ ಹಾವು ಕಂಡರೆ ಅದುಮಿಟ್ಟ ಕಾಮವೆಂದು ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಹೆಸರಲ್ಲಿ ಬರೆಯಲಾಗಿದೆ. ಹಗಲು ಅಡಿಕೆ ತೋಟದ ಸೊಪ್ಪಿನ ರಾಶಿಯಲ್ಲಿ ಕೇರೆಹಾವು ಕಂಡವರಿಗೆ ರಾತ್ರಿ ಹಾವಿನ ಕನಸು ಬೀಳಲು ಬೇರೆ ಕಾರಣ ಬೇಕೇ? ಹಿಂದಿನ ದಿನದ ಚೂರುಪಾರು ನೆನಪುಗಳೇ ಕನಸಿನ ಸಾಮಗ್ರಿಯಾಗುತ್ತವೆ ಎಂದು 1899ರ ಕೊನೆಗೆ ಬಂದ, ಕನಸುಗಳ ಅರ್ಥ ಕುರಿತ ಪುಸ್ತಕದಲ್ಲಿ ಫ್ರಾಯ್ಡ್ ಅವರೇ ಬರೆದಿದ್ದಾರೆ. ಪ್ರತಿ ತುಣುಕಿಗೂ ಕನಸು ಕಂಡವರಿಗೆ ಏನು ಹೊಳೆಯುತ್ತದೆಂದು ಕೇಳಬೇಕು ಎಂಬುದು ಅವರ ಪದ್ಧತಿ. ಇದು ಕಂಡರೆ ಇಂಥ ಅರ್ಥ ಎಂಬ ಸಂಕೇತಗಳ ಪಟ್ಟಿ ಬೆಳೆದದ್ದು ನಂತರದ ಆವೃತ್ತಿಗಳಲ್ಲಿ. ಜನ ಹಿಡಿದುಕೊಂಡದ್ದು ಅದನ್ನೇ, ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲ ನೋಡಿದ ಹಾಗೆ.

ಹಾಗಂತ ಕನಸು, ಹೆದರಿಕೆಗಳ ಹಿಂದೆ ಅದುಮಿಟ್ಟ ಆಸೆಯಿದೆ ಎಂಬ ಅವರ ಮೂಲ ಸಿದ್ಧಾಂತವೂ ಗಟ್ಟಿಯಲ್ಲ. 1909ರ ‘ಪುಟ್ಟ ಹ್ಯಾನ್ಸ್’ ಪ್ರಕರಣ ನೋಡಿ. 5 ವರ್ಷದ ಹುಡುಗ ಕುದುರೆಗೆ ಹೆದರಿ ಬೀದಿಗಿಳಿಯಲು ಒಲ್ಲೆ ಎನ್ನುತ್ತಿದ್ದ. ಅವನ ಮನಸ್ಸಿನಲ್ಲಿ ಕುದುರೆಯೆಂದರೆ ತಂದೆ, ನಿಜವಾದ ಹೆದರಿಕೆ ತಂದೆಯದು ಎಂಬುದು ಫ್ರಾಯ್ಡ್ ತೀರ್ಮಾನ. ಪ್ರಶ್ನೆ ಕೇಳಿ ಬರೆದುಕೊಂಡವರು ಅವರ ಅನುಯಾಯಿಯೇ ಆಗಿದ್ದ ಆ ತಂದೆ. ಚಿಕಿತ್ಸೆಯ ವೇಳೆ ಫ್ರಾಯ್ಡ್ ಹುಡುಗನನ್ನು ಕೂರಿಸಿಕೊಂಡು ಮಾತಾಡಿದ್ದು ಒಂದೇ ಸಲ. ಬಸ್ಸೆಳೆಯುವ ಕುದುರೆ ಬಿದ್ದು ಕಾಲು ಬಡಿದದ್ದನ್ನು ಕಂಡಾಗಲೇ ಹೆದರಿಕೆ ಹಿಡಿಯಿತು ಎಂದು ಹುಡುಗ ಹೇಳಿದ್ದು ಅದೇ ವರದಿಯಲ್ಲಿದೆ! 1960ರಲ್ಲಿ ವರ್ತನಾ ಚಿಕಿತ್ಸೆಯ ತಜ್ಞರಾದ ವೋಲ್ಪಿ ಮತ್ತು ರಾಕ್‌ಮನ್ ಇದನ್ನೇ ಎತ್ತಿ ತೋರಿಸಿದರು. ರೋಗಿ ಹೌದೆಂದರೆ ಪುರಾವೆ, ಇಲ್ಲವೆಂದರೆ ‘ಪ್ರತಿರೋಧ’, ಅಂದರೆ ಸತ್ಯ ಒಪ್ಪಲು ಮನಸ್ಸು ಒಡ್ಡುವ ಅಡ್ಡಿ: ಇಂಥ ವಾದವನ್ನು ಪರೀಕ್ಷಿಸುವುದಾದರೂ ಹೇಗೆ?

ಫ್ರಾಯ್ಡ್ ಹೇಳಿದ್ದರಲ್ಲಿ ಅರಿವಿಗೆ ಬಾರದೆಯೂ ಮನಸ್ಸು ಕೆಲಸ ಮಾಡುತ್ತದೆ ಎಂಬ ಮಾತು ಉಳಿದಿದೆ, ತಡೆಯದೆ ಆಲಿಸುವ ರೂಢಿಯೂ.

ನಾಯಿಗೆ ಹೆದರುವ ಮಗುವಿಗೆ ಈಗ ಗುಪ್ತ ಅರ್ಥ ಹುಡುಕಬೇಕಿಲ್ಲ. ಹೆದರಿಕೆಗೆ 0ಯಿಂದ (ಹೆದರಿಕೆಯೇ ಇಲ್ಲ) 100ರೊಳಗೆ (ಅತಿ ಹೆಚ್ಚು) ಮಗುವಿನಿಂದಲೇ ಅಂಕ ಹಾಕಿಸಿ. ಮೊದಲು 20–30 ಅಂಕದ ಕೆಲಸ: ಕಿಟಕಿಯ ಸರಳಿನಾಚೆ ಕಟ್ಟಿಹಾಕಿದ ಸಾಧು ನಾಯಿಯನ್ನು ನೋಡುವುದು. ಆಮೇಲೆ ಅಂಗಳದಲ್ಲಿ 20 ಅಡಿ, 15, 10. ಅಂಕ ಸುಮಾರು ಅರ್ಧಕ್ಕಿಳಿಯುವವರೆಗೆ ಅಲ್ಲೇ ನಿಲ್ಲಬೇಕು. ಮನೆಯವರು ಎಡವುವುದು ಇಲ್ಲಿ. ಅತ್ತ ಕೂಡಲೇ ಎತ್ತಿಕೊಂಡು ಒಳಗೋಡಿದರೆ, ಓಡಿದ್ದಕ್ಕೇ ಬಚಾವಾದೆ ಎಂದು ಮಗು ಕಲಿಯುತ್ತದೆ. ‘ಏನೂ ಮಾಡಲ್ಲ, ಮುಟ್ಟು’ ಎಂದು ಕೈ ಹಿಡಿದೆಳೆದರೆ ಮರುದಿನ ಕಿಟಕಿಯ ಹತ್ತಿರವೂ ಬರುವುದಿಲ್ಲ. 10 ಅಡಿಯಲ್ಲಿ ತಡೆಯಲಾಗದಿದ್ದರೆ 15ಕ್ಕೆ ಸರಿದು ಅಲ್ಲಿ ನಿಂತರಾಯಿತು.

– ಮನಃಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ