ಮೇಣದ ಕೋಣೆ

ಸಿಲ್ವರ್ ಸ್ಪ್ರಿಂಗ್, ಮೇರಿಲ್ಯಾಂಡ್
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ ಮಗಳ ನಮಸ್ಕಾರಗಳು. ಅಮ್ಮನಿಗೂ ಓದಿ ಹೇಳಿ.

ನಾವೆಲ್ಲ ಇಲ್ಲಿ ಆರೋಗ್ಯವಾಗಿದ್ದೇವೆ. ಚಳಿ ಇನ್ನೂ ಬಿಟ್ಟಿಲ್ಲ. ಮೊನ್ನೆ ಫೋನಿನಲ್ಲಿ ನೀವು, "ಒಂದು ಖಾಲಿ ಕೋಣೆ ನೋಡಲು ರಜೆ ಹಾಕಿ ಹೋಗಿದ್ದೆಯಾ?" ಎಂದು ಕೇಳಿದಿರಿ. ನನಗೆ ಉತ್ತರ ಸರಿಯಾಗಿ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ತಮ್ಮ ಫೋನ್ ತೆಗೆದುಕೊಂಡು, ಅಟ್ಟ ಖಾಲಿ ಮಾಡಿಸುತ್ತಿದ್ದೇನೆ, ಹಳೇ ಜೇನುಪೆಟ್ಟಿಗೆಗಳನ್ನೆಲ್ಲ ಒಲೆಗೆ ಹಾಕುವುದೇ ಎಂದ. ಆಗಂತೂ ನನ್ನ ಮಾತೇ ನಿಂತುಹೋಯಿತು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಆ ಕೋಣೆ ಖಾಲಿ, ನಿಜ. ಆದರೆ ಅದರ ಗೋಡೆ, ಚಾವಣಿ ಎಲ್ಲ ಜೇನುಮೇಣ ಅಪ್ಪಯ್ಯ. ಅಪ್ಪಟ ಜೇನುಮೇಣ.

ನಮ್ಮ ಮನೆ ಹತ್ತಿರದಿಂದ ರೆಡ್ ಲೈನ್ ಮೆಟ್ರೋ ಹತ್ತಿದರೆ ಡ್ಯೂಪಾಂಟ್ ಸರ್ಕಲ್‌ನಲ್ಲಿ ಇಳಿಯಬಹುದು. ಅಲ್ಲಿಂದ ಎರಡು ಹೆಜ್ಜೆಗೆ ಫಿಲಿಪ್ಸ್ ಕಲೆಕ್ಷನ್ ಎಂಬ ಮ್ಯೂಸಿಯಂ. 1921ರಲ್ಲಿ ಒಂದು ಕುಟುಂಬ ತಾವು ವಾಸವಿದ್ದ ಮನೆಯಲ್ಲೇ ಶುರು ಮಾಡಿದ್ದು. ಹಳೇ ಭಾಗ ಈಗಲೂ ಮನೆಯ ಹಾಗೇ ಇದೆ. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರೊಬ್ಬರು, "ನಿಮ್ಮಪ್ಪ ಜೇನು ಸಾಕುತ್ತಾರಲ್ವಾ, ಅಲ್ಲಿಗೆ ಒಮ್ಮೆ ಹೋಗಿ ಬಾ" ಎಂದಿದ್ದರು.

ಕೋಣೆ ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂತು. ಬಾಗಿಲಿಲ್ಲದ ಒಂದು ಕಿರಿದಾದ ಸಂದು. ಒಳಗೆ 6 ಅಡಿ ಅಗಲ, 7 ಅಡಿ ಉದ್ದ, 10 ಅಡಿ ಎತ್ತರ ಇರಬಹುದು. ನಮ್ಮ ದೇವರ ಕೋಣೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಇಬ್ಬರು ನಿಂತರೆ ತುಂಬಿತು. ಮೇಲೆ ಒಂದೇ ಒಂದು ಬರೀ ಬಲ್ಬು. ಆ ಬೆಳಕಿಗೆ ಗೋಡೆಯೆಲ್ಲ ಹೊಸ ಬೆಲ್ಲದ ಬಣ್ಣ. ಹತ್ತಿರ ಹೋಗಿ ನೋಡಿದರೆ ಗೋಡೆ ಪೂರಾ ನುಣುಪಲ್ಲ. ಕೈ ಆಡಿಸಿದ ಗುರುತು ಕಾಣುತ್ತದೆ, ಸೆಗಣಿ ಸಾರಿಸಿದ ಅಂಗಳದಲ್ಲಿ ಅಮ್ಮನ ಕೈಗುರುತು ಕಾಣುತ್ತಿತ್ತಲ್ಲ, ಹಾಗೆ. ಹೊರಗಿನ ಸದ್ದು ಅಲ್ಲಿ ಅರ್ಧಕ್ಕರ್ಧ ಇಳಿದುಹೋಗುತ್ತದೆ.

ಅಪ್ಪಯ್ಯ, ಅಲ್ಲಿ ನಿಂತವಳಿಗೆ ನಮ್ಮ ಅಟ್ಟ ನೆನಪಾಯಿತು. 1992ರಲ್ಲಿ ಜೇನುಮರಿಗಳಿಗೆ ಆ ಥಾಯ್ ರೋಗ ಬಂದು ನಮ್ಮ ಇಪ್ಪತ್ತಮೂರು ಪೆಟ್ಟಿಗೆಯೂ ಖಾಲಿಯಾಯಿತಲ್ಲ. ಮರಿಗಳು ಎರಿಯೊಳಗೇ ನೀರು ತುಂಬಿದ ಚೀಲದ ಹಾಗೆ ಊದಿ ಸತ್ತಿದ್ದವು. ನೀವು ಒಂದು ಮಾತೂ ಆಡಲಿಲ್ಲ. ಪೆಟ್ಟಿಗೆಗಳನ್ನು ಬಿಸಿನೀರಲ್ಲಿ ತೊಳೆದು, ಒಂದು ವಾರ ಅಂಗಳದಲ್ಲಿ ಒಣಗಿಸಿ, ಒಂದರ ಮೇಲೊಂದು ಅಟ್ಟದಲ್ಲಿ ಜೋಡಿಸಿದಿರಿ. ನನಗಾಗ ಹನ್ನೊಂದು ವರ್ಷ. ಊಟವಾಗಿ ನೀವು ಮಲಗಿದ ಮೇಲೆ ನಾನು ಸುಮ್ನೆ ಅಟ್ಟ ಹತ್ತಿ ಹೋಗುತ್ತಿದ್ದೆ. ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ಮೂಗು ಒಳಗಿಟ್ಟು ಕೂರುತ್ತಿದ್ದೆ. ಎಷ್ಟು ತೊಳೆದರೂ ಮರಕ್ಕೆ ಹಿಡಿದ ಮೇಣದ ವಾಸನೆ ಹೋಗಿರಲಿಲ್ಲ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಗೋಡೆಯ ಹೊರಗೆ ಸಣ್ಣ ಫಲಕದಲ್ಲಿ ಕೋಣೆಯ ಹೆಸರು ಜರ್ಮನ್ ಭಾಷೆಯಲ್ಲಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಎಲ್ಲಿಗೆ ಹೋದೆ ನೀನು, ಎಲ್ಲಿಗೆ ಹೋಗುತ್ತಿದ್ದೀ?" ಅಂತ. ಓದಿದಾಗ ಮೊದಲು ನೆನಪಾಗಿದ್ದು ಆ ಹುಳಗಳು. ಮಾಡಿದವರ ಹೆಸರು ವೋಲ್ಫ್‌ಗಾಂಗ್ ಲೈಬ್. 2013ರಲ್ಲಿ ಇಲ್ಲಿ ಮಾಡಿದ್ದು. ಆ ಮ್ಯೂಸಿಯಂನಲ್ಲಿ 1960ರ ನಂತರ ಕಾಯಂ ಆಗಿ ಇರಲೆಂದು ಮಾಡಿಸಿದ ಮೊದಲ ಕೋಣೆ ಇದು.

ಮನೆಗೆ ಬಂದವಳೇ ಲೈಬ್ರರಿಯಿಂದ ಪುಸ್ತಕ ತಂದು ಅವರ ಬಗ್ಗೆ ಓದಿದೆ. ನಿಮಗೆ ಹೇಳಲೇಬೇಕಾದ ಮನುಷ್ಯ ಇವರು.

1950ರಲ್ಲಿ ದಕ್ಷಿಣ ಜರ್ಮನಿಯ ಮೆಟ್ಸಿಂಗನ್ ಎಂಬ ಊರಲ್ಲಿ ಹುಟ್ಟಿದ್ದು. ಅಪ್ಪ ಡಾಕ್ಟರ್. ಇವರೂ ಟ್ಯೂಬಿಂಗನ್‌ನಲ್ಲಿ ಡಾಕ್ಟರಿಕೆ ಓದಿದರು. ಈ ಮನೆಯವರಿಗೆ ತಿರುಗಾಟದ ಹುಚ್ಚು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಕೊನೆಗೆ ನಮ್ಮ ದೇಶ. ಮಧುರೈ ಕಡೆಯ ಒಂದು ಹಳ್ಳಿಗೆ ಇವರ ಅಪ್ಪ ಅಮ್ಮ ವರ್ಷಗಟ್ಟಲೆ ಸಹಾಯ ಮಾಡಿದರಂತೆ. ಹಾಗಾಗಿ ಲೈಬ್ ಚಿಕ್ಕ ವಯಸ್ಸಿನಲ್ಲೇ ದಕ್ಷಿಣ ಭಾರತ ಕಂಡವರು. ಡಾಕ್ಟರಿಕೆ ಮುಗಿಸುವಾಗ ಬರೆದ ಪ್ರಬಂಧವೂ ಅದೇ, ದಕ್ಷಿಣ ಭಾರತದ ಕುಡಿಯುವ ನೀರು ಎಷ್ಟು ಶುದ್ಧ ಎಂಬುದರ ಬಗ್ಗೆ.

ಓದುತ್ತಿರುವಾಗಲೇ ಅವರಿಗೆ ಸಂಶಯ ಶುರುವಾಗಿತ್ತು. ದೇಹವೊಂದನ್ನೇ ನೋಡುವ ವೈದ್ಯ ಮನುಷ್ಯನನ್ನು ನೋಡಿದ ಹಾಗಾಯಿತೇ ಎಂದು. ಆ ಹೊತ್ತಿಗೆ ಸಂಸ್ಕೃತ ಕಲಿಯುತ್ತಿದ್ದರು. 1972ರಲ್ಲಿ ಊರ ಹತ್ತಿರದ ಒಂದು ದೊಡ್ಡ ಕಲ್ಲನ್ನು ಕೈಯಲ್ಲೇ ಉಜ್ಜಿ ಉಜ್ಜಿ ಮೊಟ್ಟೆಯ ಆಕಾರಕ್ಕೆ ತಂದು, ಅದಕ್ಕೆ ಬ್ರಹ್ಮಾಂಡ ಎಂದು ಹೆಸರಿಟ್ಟರು. ಅದೇ ಅವರ ಮೊದಲ ಕೆಲಸ. 1974ರಲ್ಲಿ ಡಾಕ್ಟರ್ ಆದರು. ಆದರೆ ಆಸ್ಪತ್ರೆಗೆ ಹೋಗಲಿಲ್ಲ. ಬೀಬರಾಖ್ ಹತ್ತಿರದ ತಮ್ಮ ಹಳ್ಳಿಗೆ ವಾಪಸ್ ಬಂದರು.

ಇದನ್ನು ಓದಿದಾಗ ನನಗೆ ಮೊದಲು ಬೇಜಾರೇ ಆಯಿತು. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳ ಮಧ್ಯೆ ಇರುವವಳು ನಾನು. ನೀರಿನ ಬಗ್ಗೆ ಅಷ್ಟು ತಿಳಿದವರು ಬಿಟ್ಟು ಬಂದರಲ್ಲ, ಮಧುರೈ ಕಡೆಯ ಆ ಹಳ್ಳಿಗೆ ಡಾಕ್ಟರೇ ಬೇಕಿತ್ತಲ್ವಾ ಅನ್ನಿಸಿತು. ಆದರೆ ತಾನು ಕೆಲಸ ಬದಲಾಯಿಸಿಲ್ಲ, ಡಾಕ್ಟರಾಗಿ ಏನು ಮಾಡಬೇಕೆಂದಿದ್ದೆನೋ ಅದನ್ನೇ ಮಾಡುತ್ತಿದ್ದೇನೆ ಎಂಬ ಅರ್ಥದ ಮಾತನ್ನು ಅವರು ಹಲವು ಸಲ ಆಡಿದ್ದಾರೆ. ನನಗೆ ಆ ಮಾತು ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಆ ಕೋಣೆಯಲ್ಲಿ ನಿಂತ ಹತ್ತು ನಿಮಿಷ ನನ್ನ ಉಸಿರು ತಾನಾಗೇ ನಿಧಾನವಾಗಿದ್ದೂ ಸುಳ್ಳಲ್ಲ.

ಅಮ್ಮ, ಇದು ನಿನಗೆ. 1975ರಲ್ಲಿ ಅವರು ಬಿಳಿ ಅಮೃತಶಿಲೆಯ ಒಂದು ಹಾಸು ತಗೊಂಡು, ಅದರ ಮೇಲ್ಭಾಗವನ್ನು ಕಂಡೂ ಕಾಣದ ಹಾಗೆ ತಗ್ಗು ಮಾಡಿದರು. ಅದರ ತುಂಬ ಹಾಲು ಹೊಯ್ದರು. ಅಂಚಿನವರೆಗೆ ತುಂಬಿದಾಗ ಕಲ್ಲು ಎಲ್ಲಿ ಮುಗಿಯಿತು, ಹಾಲು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಹಾಲು ಕೆಡುತ್ತದಲ್ಲ, ಅದಕ್ಕೆ ದಿನಾ ತೆಗೆದು, ಕಲ್ಲು ತೊಳೆದು, ಹೊಸ ಹಾಲು ಹಾಕಬೇಕು. ಮೊದಲ ಸಲ ಅವರು ಹೊಯ್ಯುತ್ತಾರೆ. ಆಮೇಲೆ ಮ್ಯೂಸಿಯಂನವರೋ, ಕಲ್ಲನ್ನು ಕೊಂಡವರೋ ದಿನಾ ಮಾಡಬೇಕು. ಹಾಲು ದಂಡ ಅಲ್ವಾ ಎಂದು ನೀನು ಕೇಳುತ್ತೀಯ, ಗೊತ್ತು. ನನಗೂ ಹಾಗೇ ಅನ್ನಿಸಿತ್ತು. ಆದರೆ ಬೆಳಗ್ಗೆ ಎದ್ದು ತೊಳೆದು, ತುಂಬಿ, ಸಂಜೆ ತೆಗೆದು, ಮತ್ತೆ ಮರುದಿನ ಅದೇ ಕೆಲಸ. ನಿನ್ನ ಹೊಸ್ತಿಲ ರಂಗೋಲಿಯೂ ಮಧ್ಯಾಹ್ನಕ್ಕೆ ಅಳಿಸಿಹೋಗುತ್ತಿತ್ತಲ್ಲ. ನಾಳೆ ಮತ್ತೆ ಹಾಕುತ್ತಿದ್ದೆ.

ಇನ್ನು ಅಪ್ಪಯ್ಯ, ನಿಮಗೆ ತುಂಬ ಹಿಡಿಸುವುದು ಮುಂದಿನ ಸಂಗತಿ. 1977ರಿಂದ ಈ ಮನುಷ್ಯ ಪರಾಗ ಕೂಡಿಸುತ್ತಿದ್ದಾರೆ. ಜೇನುಹುಳ ಕಾಲಿಗೆ ಮೆತ್ತಿಕೊಂಡು ಬರುತ್ತದಲ್ಲ, ಅದೇ ಹಳದಿ ಪುಡಿ. ಮೆಷಿನ್ ಇಲ್ಲ, ಆಳುಗಳಿಲ್ಲ. ಫೆಬ್ರವರಿ ಸುಮಾರಿಗೆ ಅವರ ಹಳ್ಳಿಯ ಸುತ್ತ ಹೇಜಲ್ ಗಿಡ ಹೂ ಬಿಡುತ್ತದೆ. ಅದರ ಹೂಗೊಂಚಲು ನಮ್ಮ ಅಡಿಕೆ ಸಿಂಗಾರದ ಎಳೆಗಳ ಹಾಗೆ ಜೋತಾಡುತ್ತದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಪಾತ್ರೆಯೊಳಗೆ ಮೆಲ್ಲಗೆ ತಟ್ಟುತ್ತಾರೆ. ಆಮೇಲೆ ದಂಡೇಲಿಯನ್ ಎಂಬ ಹಳದಿ ಹೂ. ಅದು ನೆಲಕ್ಕಂಟಿ ಬೆಳೆಯುವುದರಿಂದ ಹುಲ್ಲುಗಾವಲಿನಲ್ಲಿ ಬಗ್ಗಿಯೇ ಇರಬೇಕು. ಅದರಿಂದ ಸಿಗುವುದು ತೀರಾ ಕಡಿಮೆ. ಆಮೇಲೆ ಪೈನ್, ಅದು ಧಾರಾಳ. ಮಳೆ ಬಂದರೆ ಕೆಲಸ ನಿಂತಿತು. ಬೇಸಿಗೆ ಮುಗಿಯುವಷ್ಟರಲ್ಲಿ ಕೈಗೆ ಸಿಗುವುದು ಬೆರಳೆಣಿಕೆಯ ಗಾಜಿನ ಜಾಡಿಗಳು. ಐವತ್ತು ವರ್ಷದ ಹತ್ತಿರ ಹತ್ತಿರ ಇದೇ ಕೆಲಸ.

2013ರಲ್ಲೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಆ ಜಾಡಿಗಳನ್ನು ತೆರೆದರು. ಹೇಜಲ್ ಪರಾಗವನ್ನು ಚಮಚದಲ್ಲಿ ತೆಗೆದು, ತೆಳುಬಟ್ಟೆ ಕಟ್ಟಿದ ಜರಡಿಗೆ ಹಾಕಿ, ಮಂಡಿಯೂರಿ ನೆಲದ ಮೇಲೆ ಜರಡಿ ತಟ್ಟುತ್ತ ಹೋದರು. ಸುಮಾರು 18 ಅಡಿಗೆ 21 ಅಡಿಯ ಹಳದಿ ಹಾಸು. ನಮ್ಮ ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಷ್ಟು. ಅಷ್ಟು ಪರಾಗ 1990ರ ದಶಕದ ಮಧ್ಯದಿಂದ ಕೂಡಿಟ್ಟದ್ದು. ಅವರು ಮಾಡಿದ ಪರಾಗದ ಹಾಸುಗಳಲ್ಲಿ ಅದೇ ದೊಡ್ಡದು. ಪ್ರದರ್ಶನ ಮುಗಿದ ಮೇಲೆ ಗುಡಿಸಿ ಎಸೆಯುವುದಿಲ್ಲ ಅಪ್ಪಯ್ಯ. ಎಲ್ಲವನ್ನೂ ಜೋಪಾನವಾಗಿ ಒಟ್ಟು ಮಾಡಿ, ಕಸ ಸೋಸಿ, ಮತ್ತೆ ಜಾಡಿಗೆ ತುಂಬುತ್ತಾರೆ. ಇನ್ನೊಂದು ಊರಲ್ಲಿ ಅದೇ ಪರಾಗ ಮತ್ತೆ ನೆಲಕ್ಕಿಳಿಯುತ್ತದೆ.

ಅದರ ಫೋಟೋ ಮಾತ್ರ ನೋಡಿದ್ದೇನೆ. ಅಂಚುಗಳು ಗೆರೆ ಎಳೆದ ಹಾಗಿಲ್ಲ, ಮಂಜಿನ ಹಾಗೆ ಕರಗಿಹೋಗುತ್ತವೆ. ಐದು ಸಣ್ಣ ಗುಡ್ಡೆಗಳ ಇನ್ನೊಂದು ಕೆಲಸವೂ ಇದೆ, ಅದೂ ಪರಾಗದ್ದೇ. ಗೇಣುದ್ದಕ್ಕೂ ಬರದ ಆ ಗುಡ್ಡೆಗಳಿಗೆ ಹತ್ತಬಾರದ ಐದು ಬೆಟ್ಟಗಳು ಎಂದು ಹೆಸರಿಟ್ಟಿದ್ದಾರೆ.

ಅಕ್ಕಿ ಸುತ್ತ ಹರಡಿದ ಕಲ್ಲಿನ ಪುಟ್ಟ ಮನೆಗಳನ್ನೂ ಮಾಡಿದ್ದಾರೆ. 1982ರಲ್ಲಿ, ಮೂವತ್ತೆರಡನೇ ವಯಸ್ಸಿಗೇ, ವೆನಿಸ್‌ನ ದೊಡ್ಡ ಕಲಾ ಪ್ರದರ್ಶನದಲ್ಲಿ ಜರ್ಮನಿಯ ಪರವಾಗಿ ಇವರ ಕೆಲಸ ಇತ್ತು. 2015ರಲ್ಲಿ ಜಪಾನಿನ ದೊಡ್ಡ ಪ್ರಶಸ್ತಿ ಬಂತು. ಜರ್ಮನಿಯಲ್ಲಿ ಮನೆ, ಮಧುರೈ ಕಡೆ ಒಂದು ಸ್ಟುಡಿಯೋ, ನ್ಯೂಯಾರ್ಕ್‌ಗೂ ಬಂದುಹೋಗಿ ಮಾಡುತ್ತಾರೆ. ಆದರೆ ಹೂ ಬಿಡುವ ಕಾಲಕ್ಕೆ ತಮ್ಮ ಹಳ್ಳಿಯ ಹುಲ್ಲುಗಾವಲಿಗೇ ವಾಪಸ್ಸು.

ಮೇಣದ ಕೆಲಸ ಶುರುವಾಗಿದ್ದು 1988ರ ಸುಮಾರಿಗೆ. ಫ್ರಾನ್ಸಿನಲ್ಲಿ ಪಿರನೀಸ್ ಬೆಟ್ಟದೊಳಗೆ, ಬಂಡೆ ಕೊರೆದು, 2000ರಲ್ಲಿ ಒಂದು ಮೇಣದ ಕೋಣೆ ಮಾಡಿದ್ದಾರೆ. ನಡೆದೇ ಹೋಗಬೇಕಂತೆ. ಅದನ್ನೂ ಒಮ್ಮೆ ನೋಡಬೇಕು.

ಇಲ್ಲಿಯ ಕೋಣೆಗೆ ಹಿಡಿದ ಮೇಣ 440 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 200 ಕೆಜಿ. ಒಂದು ಕೆಜಿ ಮೇಣ ಮಾಡಲು ಹುಳಗಳು ಆರೇಳು ಕೆಜಿ ಜೇನುತುಪ್ಪ ತಿನ್ನುತ್ತವೆ ಎಂದು ನೀವು ಹೇಳುತ್ತಿದ್ದಿರಲ್ಲ. ಅಲ್ಲೇ ನಿಂತು ಗುಣಿಸಿ ನೋಡಿದೆ, ತಲೆ ತಿರುಗಿತು. ಮೇಣ ಕರಗಿಸುವಾಗ ಕಾವು ಒಂದೇ ಸಮ ಇರಬೇಕು. ಜಾಸ್ತಿಯಾದರೆ ಕಂದು ತಿರುಗುತ್ತದೆ, ಒಂದು ಹಂಡೆಯ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮ ಹಿತ್ತಿಲ ಒಲೆಯಲ್ಲಿ ನೀವು ಪಾತ್ರೆಯೊಳಗೆ ಪಾತ್ರೆ ಇಟ್ಟು, ಬೆಂಕಿ ಹಿಂದೆ ಸರಿಸಿ ಸರಿಸಿ ಕರಗಿಸುತ್ತಿದ್ದಿರಿ. "ಕುದಿಸಿದ್ರೆ ಹಾಳು" ಎನ್ನುತ್ತಿದ್ದಿರಿ. ಇವರು ಬಿಸಿ ಮೇಣವನ್ನು ಗಾರೆಯವರು ಕರಣೆಯಲ್ಲಿ ಮೆತ್ತುವ ಹಾಗೆ ಗೋಡೆಗೆ ಮೆತ್ತಿ, ಇಸ್ತ್ರಿಪೆಟ್ಟಿಗೆಯ ಶಾಖ ಕೊಟ್ಟು ಸಮ ಮಾಡಿದ್ದು.

ಗೋಡೆಗೆ ಮೇಣ ತಿನ್ನುವ ಹುಳ ಹಿಡಿಯುವುದಿಲ್ಲವಾ ಎಂದು ನೀವು ಕೇಳುತ್ತೀರಿ. ಕರಗಿಸಿ ಸೋಸಿದ ಮೇಣದಲ್ಲಿ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ ಎಂದು ಕಲಿಸಿದವರು ನೀವೇ. ಕೋಣೆಗೆ ಹನ್ನೆರಡು ವರ್ಷ ದಾಟಿದರೂ ಗೋಡೆ ಗಟ್ಟಿಯಾಗಿದೆ. ವಾಸನೆಯೂ ಹಾಗೇ ಇದೆ. ಕಾವಲಿನವರು ಮುಟ್ಟಬೇಡಿ ಎಂದರು, ನಾನು ಮುಟ್ಟಲಿಲ್ಲ. ಮೂಗು ಮಾತ್ರ ಆದಷ್ಟು ಹತ್ತಿರ ಒಯ್ದೆ.

ಇದಕ್ಕೆ ಇಲ್ಲಿ ಇನ್‌ಸ್ಟಲೇಶನ್ ಎನ್ನುತ್ತಾರೆ. ಗೋಡೆಗೆ ನೇತುಹಾಕಿದ ಚಿತ್ರವಲ್ಲ, ನಾವೇ ಒಳಗೆ ಹೋಗಿ ನಿಲ್ಲಬೇಕಾದ ಜಾಗ. ಆ ಲೆಕ್ಕದಲ್ಲಿ ನಾನು ಹನ್ನೊಂದನೇ ವಯಸ್ಸಿಗೇ ಅಂಥದೊಂದರ ಒಳಗೆ ಕೂತಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ ಅಪ್ಪಯ್ಯ. ತಮ್ಮನಿಗೆ ನೀವೇ ಹೇಳಿ, ನಾನು ಹೇಳಿದರೆ ಕೇಳುವುದಿಲ್ಲ. ಅಟ್ಟದ ಪೆಟ್ಟಿಗೆಗಳಲ್ಲಿ ಗೆದ್ದಲು ಹಿಡಿದಿದ್ದನ್ನು ಬೇಕಾದರೆ ತೆಗೆಯಲಿ. ಗಟ್ಟಿ ಇರುವ ನಾಲ್ಕಾದರೂ ಉಳಿಸಿ. ಈಗ ತೋಟದಲ್ಲಿರುವ ಆರು ಪೆಟ್ಟಿಗೆಯಲ್ಲಿ ಯಾವುದಾದರೂ ಪಾಲಾಗಿ ಎರಡಾದರೆ ಹುಳಗಳ ಹೊಸ ಕುಟುಂಬಕ್ಕೆ ಬೇಕಾಗುತ್ತದೆ. ಮತ್ತಿ ಹೂ ಬಂತಾ? ಹುಳ ಹೇಗಿವೆ, ಬರೆಯಿರಿ.

ಅಮ್ಮ, ನಿನ್ನ ಹಿಮ್ಮಡಿ ಒಡಕು ಈ ಸಲ ಹೇಗಿದೆ? ಮೇಣ, ಕೊಬ್ಬರಿ ಎಣ್ಣೆ ಕಾಸಿ ಹಚ್ಚುವುದು ಬಿಡಬೇಡ. ಏಪ್ರಿಲ್ ಎರಡನೇ ವಾರ ಬರುತ್ತೇನೆ, ಟಿಕೆಟ್ ಆಗಿದೆ. ವಾಪಸ್ ಬರುವಾಗ ಚಟ್ನಿಪುಡಿ, ಹಪ್ಪಳದ ಜೊತೆ ಒಂದು ಮೇಣದ ಉಂಡೆ ಕಟ್ಟಿಡು. ಅಪ್ಪಯ್ಯ ಕರಗಿಸಿದ್ದೇ ಆಗಬೇಕು.

ಇಂತಿ ನಿಮ್ಮ ಮಗಳು