ಬೀಗದ ಕೈ ಕೊಡಿಸಿದ ಎಲ್ಲರಿಗೂ

ಕಲಬುರಗಿ, ರಾಯಚೂರು, ಹುಬ್ಬಳ್ಳಿ, ಶಿವಮೊಗ್ಗ ಕಡೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಈ ಸಲದ ಹುಡುಗ ಹುಡುಗಿಯರೆಲ್ಲರಿಗೂ ಬಾಡಿಗೆ ಮನೆ ಸಿಕ್ಕಿದೆ. ಕೊನೆಯ ಮನೆಯಲ್ಲಿ ಈ ವಾರ ಹಾಲುಕ್ಕಿತು. ಅವರ ಜೊತೆ ಮನೆ ಹುಡುಕಿದ ನಮ್ಮೆಲ್ಲರ ನಮಸ್ಕಾರ ಸಲ್ಲಬೇಕಾದದ್ದು ಯಾವ ಜಾಹೀರಾತಿನಲ್ಲೂ ಹೆಸರು ಕಾಣದವರಿಗೆ. ನೀವು ಹೇಳಿಕೊಟ್ಟದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ, ಮುಂದೆ ಬರುವವರಿಗೂ ತಲುಪಲಿ ಅಂತ.

ಮೊದಲ ನಮಸ್ಕಾರ, ಊರು ಬಿಡುವ ಮೊದಲೇ ಕೂರಿಸಿಕೊಂಡು ಲೆಕ್ಕ ಬರೆಸಿದ ಹಿರಿಯ ಸಹೋದ್ಯೋಗಿಗಳಿಗೆ. ಬಾಡಿಗೆ 14,000 ಅಂದರೆ ಕೈಯಲ್ಲಿ 14,000 ಇದ್ದರೆ ಸಾಲದು. ಐದು ತಿಂಗಳ ಅಡ್ವಾನ್ಸ್ 70,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 14,000, ಮೊದಲ ತಿಂಗಳದ್ದು 14,000. ಅಲ್ಲಿಗೇ 98,000 ಆಯಿತು. ಸಾಮಾನು ಸಾಗಣೆ, ಗ್ಯಾಸ್, ಹಾಸಿಗೆ, ಬಕೆಟ್ಟು ಸೇರಿದರೆ ಲಕ್ಷ ದಾಟುತ್ತದೆ. ತಿಂಗಳ ಕೊನೆಯ ವಾರ ಕೆಲಸಕ್ಕೆ ಸೇರಿದವರಿಗೆ ಎಷ್ಟೋ ಕಂಪನಿಗಳಲ್ಲಿ ಮೊದಲ ಸಂಬಳ ಮುಂದಿನ ತಿಂಗಳ ಸಂಬಳದ ಜೊತೆಗೇ ಬರುವುದು. ಹಾಗಾಗಿ ಸಂಬಳದ ಮುಂಗಡ ಕೊಡುತ್ತೀರಾ, ಹದಿನೈದು ದಿನ ಉಳಿಯಲು ಜಾಗ ಕೊಡುತ್ತೀರಾ ಅಂತ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲು ಕೇಳಬೇಕು. ಸೇರಿದ ಮೇಲೆ ಕೇಳಿದರೆ ಸಿಗುವುದು ಕಷ್ಟ. ಇದನ್ನು ನೀವು ಹೇಳದಿದ್ದರೆ ಎಷ್ಟು ಜನ ಬಡ್ಡಿಗೆ ಸಾಲ ಮಾಡುತ್ತಿದ್ದರೋ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೆಯ ರೂಢಿ. ಈಗ ಬಹಳ ಕಡೆ ಐದು, ಆರಕ್ಕೆ ಇಳಿದಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಅನ್ನುತ್ತದೆ, ಆದರೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ಕಾನೂನಾಗಿ ಮಾಡಿಕೊಳ್ಳದೆ ಮಾಲೀಕರ ಮುಂದೆ ತೋರಿಸಿ ಪ್ರಯೋಜನವಿಲ್ಲ. ಪ್ರಯೋಜನಕ್ಕೆ ಬಂದದ್ದು ಆಷಾಢ. ಏಪ್ರಿಲ್, ಮೇನಲ್ಲಿ ಶಾಲೆ ಮುಗಿದ ಸಂಸಾರಗಳು ಮನೆ ಬದಲಿಸುವಾಗ ಚೌಕಾಸಿಗೆ ಜಾಗವೇ ಇರುವುದಿಲ್ಲ. ಆಷಾಢದಲ್ಲಿ ಹೊಸ ಮನೆಗೆ ಹೋಗುವವರು ಕಡಿಮೆ, ಮನೆ ಖಾಲಿ ಬಿದ್ದಿರುತ್ತದೆ. ಆ ತಿಂಗಳಲ್ಲಿ ಅಡ್ವಾನ್ಸನ್ನು ಮೂರು ತಿಂಗಳಿಗೆ ಇಳಿಸಿದ ಮಾಲೀಕರಿಗೆ, ‘ಆಷಾಢ ಹುಟ್ಟೋ ಮೊದಲೇ ಬಂದು ಹಾಲು ಉಕ್ಕಿಸಿಬಿಡಿ, ಸಾಮಾನು ಯಾವಾಗ ಬೇಕಾದರೂ ತನ್ನಿ’ ಎಂದು ದಾರಿ ತೋರಿದ ಅಮ್ಮಂದಿರಿಗೆ ಮನಸಾರೆ ಧನ್ಯವಾದ. ಧನುರ್ಮಾಸದಲ್ಲೂ ಹೀಗೇ ಕೇಳಿ ನೋಡಬಹುದು.

ಮನೆ ಸಿಗುವ ತನಕ ತಮ್ಮ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟವರ ಉಪಕಾರ ಸಣ್ಣದಲ್ಲ. ಊರಲ್ಲೇ ಕೂತು ಫೋಟೋ ನೋಡಿ ಮನೆ ಹಿಡಿಯುವವರೇ ಮೋಸ ಹೋಗುವುದು. ಮಿಲಿಟರಿಯಲ್ಲಿದ್ದೇನೆ, ವರ್ಗವಾಗಿದೆ, ಮನೆ ಕಡಿಮೆಗೆ ಕೊಡುತ್ತೇನೆ ಅನ್ನುವ ಕರೆ. ಮನೆ ನೋಡಲು ಗೇಟ್ ಪಾಸ್‌ಗೆ ದುಡ್ಡು ಹಾಕಿ, ವಾಪಸ್ ಬರುತ್ತದೆ ಅನ್ನುವ ಮಾತು. ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುವ ಒತ್ತಾಯ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಲು ಸಾಧ್ಯವಾಗುವುದು ಆಗಲೇ.

ಇಸ್ತ್ರಿ ಗಾಡಿಯವರೇ, ನಂದಿನಿ ಹಾಲಿನ ಬೂತಿನವರೇ, ನಿಮಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ಬಾಡಿಗೆದಾರರು ಮನೆ ಬಿಡುತ್ತೇವೆಂದು ತಿಂಗಳ ಮೊದಲಿಗೆ ನೋಟಿಸ್ ಕೊಡುತ್ತಾರೆ, ಟು-ಲೆಟ್ ಬೋರ್ಡು ಆಮೇಲೆ ಹತ್ತುತ್ತದೆ. ಆ ನಡುವಿನ ವಾರದಲ್ಲಿ ‘ಮೂರನೇ ಕ್ರಾಸಲ್ಲಿ ಮೇಲಿನ ಮನೆ ಖಾಲಿ ಆಗ್ತಿದೆ, ಕೇಳಿ’ ಅಂದದ್ದು ನೀವು. ಒಂದನೇ ತಾರೀಕಿನಿಂದ ಹತ್ತರೊಳಗೆ ಬೀದಿ ಸುತ್ತಬೇಕು ಅನ್ನುವುದು ನಿಮ್ಮಿಂದ ಕಲಿತ ಪಾಠ. ಹೀಗೆ ಸಿಕ್ಕ ಮನೆಗಳಿಗೆ ಬ್ರೋಕರ್ ಹಣವೂ ಉಳಿಯಿತು.

ನೀರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಅಗ್ಗದ ಮನೆ ದುಬಾರಿಯಾಗುವುದು ಇಲ್ಲೇ. ‘ನೀರು ಬರುತ್ತಾ?’ ಅಂತ ಕೇಳಿದರೆ ಎಲ್ಲರೂ ಬರುತ್ತೆ ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನು ಹೇಳಿಕೊಟ್ಟದ್ದು ಟ್ಯಾಂಕರ್ ಓಡಿಸುವವರು. ಕಾವೇರಿ ನೀರು ವಾರದಲ್ಲಿ ಯಾವ ದಿನ, ಎಷ್ಟು ಗಂಟೆ? ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗೆ? ಬೋರ್‌ವೆಲ್ ಬೇಸಿಗೆಯಲ್ಲಿ ನಿಲ್ಲುತ್ತದೆಯೇ? ಟ್ಯಾಂಕರ್ ಹಣ ಬಾಡಿಗೆಯಲ್ಲಿ ಸೇರಿದೆಯೋ, ಹಂಚಿಕೆಯೋ? ಆರು ಮನೆ, ಮನೆಗೆ ಮೂವರು, ತಲೆಗೆ ದಿನಕ್ಕೆ 135 ಲೀಟರ್ ಅಂದರೆ ದಿನಕ್ಕೆ 2,430 ಲೀಟರ್. 6,000 ಲೀಟರಿನ ಒಂದು ಟ್ಯಾಂಕರ್ ಎರಡೂವರೆ ದಿನಕ್ಕೂ ಪೂರ್ತಿ ಬರುವುದಿಲ್ಲ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 6,000 ಲೀಟರಿಗೆ 600 ರೂಪಾಯಿ ಎಂದು ದರ ಕಟ್ಟಿತ್ತು. ಆ ದರದಲ್ಲೇ ಹಿಡಿದರೂ ತಿಂಗಳಿಗೆ ಹನ್ನೆರಡು ಟ್ಯಾಂಕರ್, 7,200 ರೂಪಾಯಿ, ಮನೆಗೆ 1,200. ಪೂರ್ತಿ ಟ್ಯಾಂಕರ್ ನಂಬಿದ ಕಟ್ಟಡದಲ್ಲಿ 13,000ದ ಮನೆ 14,200ರದ್ದಾಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂದ ಮೇಲೆ ನಗರದಂಚಿನ 110 ಹಳ್ಳಿಗಳಿಗೆ ಕಾವೇರಿ ಸಿಗುವ ದಾರಿಯಾಗಿದೆ, ಆದರೆ ಬೀದಿಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ಆ ಕಟ್ಟಡಕ್ಕೆ ಕನೆಕ್ಷನ್ ಇದೆ ಅಂತಲ್ಲ; ನೀರಿನ ಬಿಲ್ ತೋರಿಸಿ ಅನ್ನಬೇಕು. ಬಚ್ಚಲಿನ ನಲ್ಲಿಗೆ ಬಿಳಿ ಗಾರೆಯಂತೆ ಕಲೆ ಕಟ್ಟಿದ್ದರೆ ಬೋರ್ ನೀರು ಗಡಸು, ಗೀಸರ್ ಕಾಯಿಲ್ ಬೇಗ ಹೋಗುತ್ತದೆ.

ಪೇಂಟಿಂಗ್ ಕೆಲಸದವರೊಬ್ಬರು ಹೇಳಿದ್ದು: ಮನೆಯೆಲ್ಲ ಹಳೆ ಬಣ್ಣ, ಒಂದೇ ಗೋಡೆಯ ಕೆಳಗಿನ ಎರಡಡಿ ಮಾತ್ರ ಹೊಸ ಬಣ್ಣ ಇದ್ದರೆ ಅಲ್ಲಿ ತೇವ ಏರುತ್ತಿದೆ. ಸಾಧ್ಯವಾದರೆ ಮಳೆ ಬಂದ ಮಾರನೆಯ ದಿನ ಹೋಗಿ ನೋಡಿ. ಶೀಟ್ ಮನೆಯಾದರೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನಿಂತು ನೋಡಬೇಕು.

ಮೀಟರ್ ರೀಡಿಂಗಿಗೆ ಬರುವ ಅಣ್ಣಂದಿರಿಗೂ ನಮ್ಮ ವಂದನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಮನೆಗೆ ತನ್ನದೇ ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಇರಬೇಕು. ಒಂದೇ ಮೀಟರಿಗೆ ಸಬ್‌ಮೀಟರ್ ಹಾಕಿ ನಾಲ್ಕು ಮನೆ ಮಾಡಿದ್ದರೆ ಮಾಲೀಕರು ಹೇಳಿದ ದರ ಕಟ್ಟಬೇಕಾಗುತ್ತದೆ. ಹಿಂದಿನವರು ತಮ್ಮ ಆಧಾರ್ ಜೋಡಣೆ ಬಿಡಿಸದೆ ಹೋಗಿದ್ದರೆ ಹೊಸಬರ ಅರ್ಜಿ ನಿಂತುಬಿಡುತ್ತದೆ, ಆದ್ದರಿಂದ ಕೀ ತೆಗೆದುಕೊಳ್ಳುವ ಮೊದಲೇ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಬಿಡಿಸಲು ಹೇಳಿಸಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ದೂರದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ ಎಂದವರು ದಿನಾ ಮೆಟ್ರೋದಲ್ಲಿ ಓಡಾಡುವವರು. ವೈಟ್‌ಫೀಲ್ಡಿನ ಕೆಲಸಕ್ಕೆ ಕೆಂಗೇರಿ, ಚಲ್ಲಘಟ್ಟದ ಕಡೆ ಮನೆ ಮಾಡಿದರೆ ನೇರಳೆ ಮಾರ್ಗದ ಒಂದು ತುದಿಯಿಂದ ಇನ್ನೊಂದು ತುದಿಗೆ 43 ಕಿಲೋಮೀಟರಿಗೂ ಹೆಚ್ಚು, ಆದರೂ ರೈಲು ಬದಲಿಸದೆ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗವಿದೆ. ನಿಲ್ದಾಣಕ್ಕೆ ನಡೆದು ಹೋಗುವ ದೂರವೇ ಮುಖ್ಯ, ದಿನಕ್ಕೆರಡು ಆಟೋ ಆದರೆ ಉಳಿಸಿದ ಬಾಡಿಗೆ ಅಲ್ಲೇ ಹೋಯಿತು.

ಭೋಗ್ಯದ ಆಸೆ ಬಿಡಿಸಿದ ವಕೀಲರನ್ನು ನಾವು ಯಾವತ್ತೂ ನೆನೆಯುತ್ತೇವೆ. ಹತ್ತು ಹನ್ನೆರಡು ಲಕ್ಷ ಒಟ್ಟಿಗೆ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಅದೇ ಹಣ ವಾಪಸ್ ಅನ್ನುವುದು ಕೇಳಲು ಹಿತ. ಮಾಲೀಕರು ಬ್ಯಾಂಕ್ ಸಾಲ ಕಟ್ಟದಿದ್ದರೆ ಮನೆ ಹರಾಜಿಗೆ ಬರುತ್ತದೆ, ಒಳಗಿರುವವರ ಲಕ್ಷಗಳು ಸಿಕ್ಕಿಹಾಕಿಕೊಳ್ಳುತ್ತವೆ. ನಡುವೆ ಯಾರಾದರೂ ದಲ್ಲಾಳಿ ಭೋಗ್ಯದ ಹಣ ತಾವೇ ತೆಗೆದುಕೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುವ ಏರ್ಪಾಡಂತೂ ಬೇಡವೇ ಬೇಡ. ಅವರು ಕಟ್ಟುವುದು ನಿಲ್ಲಿಸಿದ ದಿನ ಮಾಲೀಕರು ಬಾಗಿಲಿಗೆ ಬರುತ್ತಾರೆ. ಭೋಗ್ಯಕ್ಕೇ ಹೋಗುವುದಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರ ತೆಗೆಸಿ, ಮಾಲೀಕರ ಜೊತೆಗೇ ಕರಾರು ಮಾಡಿಕೊಂಡು ನೋಂದಣಿ ಮಾಡಿಸಬೇಕು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ ಅನ್ನುವುದೂ ನೆನಪಿರಲಿ.

ಕರಾರು ಟೈಪ್ ಮಾಡಿಕೊಟ್ಟವರು ಅಷ್ಟೇ ಮಾಡಿ ಸುಮ್ಮನಾಗಲಿಲ್ಲ, ಸಾಲು ಸಾಲು ಓದಿ ಹೇಳಿದರು. ಹನ್ನೊಂದು ತಿಂಗಳ ಕರಾರು ಯಾಕೆಂದರೆ ವರ್ಷ ದಾಟಿದ ಕರಾರಿಗೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂದು ಅಂಕಿಯಲ್ಲೇ ಬರೆಸಬೇಕು. ಅಡ್ವಾನ್ಸ್ ವಾಪಸಾತಿಗೆ ದಿನ ಹಾಕಿಸಬೇಕು. ಎಷ್ಟೋ ಮಾಲೀಕರು ಮುಂದೆ ಬರುವವರ ಅಡ್ವಾನ್ಸಿನಿಂದ ಹಿಂದಿನವರಿಗೆ ಕೊಡುವುದರಿಂದ, ದಿನ ಬರೆಯದಿದ್ದರೆ ಮನೆ ತುಂಬುವ ತನಕ ಕಾಯಬೇಕಾಗುತ್ತದೆ. ಸಹಿ ಹಾಕುವವರ ಹೆಸರು ಆಸ್ತಿ ತೆರಿಗೆ ರಸೀದಿಯಲ್ಲಿ ಇದೆಯೇ ನೋಡಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಲಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿಗೆ ಮಾಲೀಕರ ಪ್ಯಾನ್ ಬೇಕು, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಒಳಗೆ ಕಾಲಿಟ್ಟ ದಿನ ಗೋಡೆ, ನಲ್ಲಿ, ಗೀಸರ್, ಮೀಟರ್ ಎಲ್ಲದರ ವಿಡಿಯೋ ತೆಗೆದು ಮಾಲೀಕರಿಗೇ ವಾಟ್ಸಾಪಿನಲ್ಲಿ ಕಳಿಸಿ.

ಜಾತಿ ಕೇಳದೆ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಕೇಳದೆ, ಮದುವೆಯಾಗದ ಹುಡುಗಿಯರೆಂದು ಹಿಂದೆಮುಂದೆ ನೋಡದೆ ಕೀ ಕೊಟ್ಟ ಮನೆಯವರೇ, ನಿಮಗೆ ಹೇಗೆ ಧನ್ಯವಾದ ಹೇಳುವುದೋ ತಿಳಿಯದು. ಕೇಳುವವರು ಇನ್ನೂ ಬಹಳ ಇದ್ದಾರೆ, ಅದು ತಪ್ಪು. ಆ ಮಾತು ಕೇಳಿಸಿಕೊಂಡು ಮೆಟ್ಟಿಲಿಳಿದು ಬಂದ ಮಕ್ಕಳಿಗೆ ನಿಮ್ಮ ಮನೆ ಬಾಗಿಲಲ್ಲಿ ಸಿಕ್ಕ ಒಂದು ಲೋಟ ಕಾಫಿ ಎಷ್ಟು ಧೈರ್ಯ ಕೊಟ್ಟಿತೆಂದು ನಾವು ಬಲ್ಲೆವು.

ಎರಡು ಮಡಚುವ ಮಂಚ, ಒಂದು ಸಿಂಗಲ್ ಬರ್ನರ್ ಒಲೆ, ಐದು ಬಕೆಟ್ಟು ಕೊಟ್ಟವರಿಗೂ ನಮಸ್ಕಾರ. ಅವೆಲ್ಲ ಸುಸ್ಥಿತಿಯಲ್ಲಿವೆ. ವಾಪಸ್ ಬೇಕಾದವರು ತಿಳಿಸಿ, ಬೇಡವಾದರೆ ಮುಂದಿನ ತಿಂಗಳು ಬರುವವರ ಮನೆಗೆ ಕಳಿಸುತ್ತೇವೆ.