ಹಿತ್ತಲಮನೆ ಅಜ್ಜಿಯ ಹೆಸರು ನಿನಗೆ ಗೊತ್ತಾ?

ಗೆಳೆಯಾ,

"ಲೈಬ್ರರಿಯಲ್ಲಿ ದಿನವಿಡೀ ಏನು ಮಾಡ್ತೀಯ?" ಅಂತ ನೀನು ಕೇಳಿ ಎರಡು ತಿಂಗಳಾಯಿತು. ಆಗ ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾಗಿದ್ದೆ. ಇವತ್ತು ಉತ್ತರ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಹಾಗಾಗಿ ಏಳನೇ ಇಡ್ಲಿಯ ವಿಷಯ ಎತ್ತುವುದಿಲ್ಲ. ಹೆದರಬೇಡ.

ಬೆಳಿಗ್ಗೆ ಬಂದ ಕೂಡಲೇ ಮೇಜಿನ ಮೇಲೆ ಪುಸ್ತಕದ ರಾಶಿ ಇರುತ್ತದೆ. ಮೊದಲು ಮೊಹರು ಹೊಡೆಯಬೇಕು. ಎಷ್ಟೋ ಲೈಬ್ರರಿಗಳಿಗೆ ಒಂದು ಸೀಕ್ರೆಟ್ ಪೇಜ್ ಇರುತ್ತದೆ ಕಣೋ. ಯಾರಾದರೂ ಮೊದಲ ಹಾಳೆ ಹರಿದು ಪುಸ್ತಕ ತಮ್ಮದೇ ಅಂದರೂ, ಆ ಪುಟ ತೆಗೆದು ನೋಡಿದರೆ ಲೈಬ್ರರಿಯ ನಂಬರ್ ಇರುತ್ತದೆ. ನಮ್ಮದು ಎಷ್ಟನೇ ಪುಟ ಅಂತ ನಿನಗೂ ಹೇಳಲ್ಲ. ಆಮೇಲೆ ಅಡಿಪಟ್ಟಿ ಹಿಡಿದು ಪುಸ್ತಕದ ಎತ್ತರ ಅಳೆಯಬೇಕು. 17 ಸೆಂಟಿಮೀಟರ್ ದಾಟಿ ಕೂದಲೆಳೆಯಷ್ಟು ಇದ್ದರೂ 18 ಎಂದೇ ಬರೆಯಬೇಕು. ಇದೆಲ್ಲ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಅಲ್ಲಿ ಪ್ರತಿಯೊಂದಕ್ಕೂ ಒಂದು ಮನೆ. ಲೇಖಕರು 100, ಪುಸ್ತಕದ ಹೆಸರು 245, ಪುಟ ಮತ್ತು ಎತ್ತರ 300. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಒಗಟು 398.6, ನಿನ್ನ ಬಾಯಲ್ಲಿ ಸದಾ ಇರುವ ಗಾದೆ 398.9.

ನನಗೆ ಜಾಸ್ತಿ ಇಷ್ಟವಾದದ್ದು ಹೆಸರುಗಳ ಕೆಲಸ. ಬೇಂದ್ರೆಯವರದು ಸುಲಭ, ಮನೆತನದ ಹೆಸರು ಮುಂದೆ ಹಾಕಿ ಕಾಮಾ ಹಾಕಿದರಾಯಿತು. ಆದರೆ ನಮ್ಮ ಕಡೆ ಮನೆತನದ ಹೆಸರು ಎಲ್ಲಿದೆ? ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರು. ಕುವೆಂಪು ಎಂದು ಹುಡುಕಿದವರಿಗೂ ಸಿಗಬೇಕು, ಪುಟ್ಟಪ್ಪ ಎಂದು ಹುಡುಕಿದವರಿಗೂ ಸಿಗಬೇಕು. ಅನಸೂಯಾ ಶಂಕರ್ ಎಂದು ಹುಡುಕಿದವರನ್ನು ಕೈ ಹಿಡಿದು ತ್ರಿವೇಣಿ ಇರುವ ಕಡೆಗೆ ಕರೆದೊಯ್ಯಬೇಕು. ಒಬ್ಬರ ಹೆಸರನ್ನು ಎರಡು ರೀತಿ ಬರೆದರೆ ಅವರ ಪುಸ್ತಕಗಳೆಲ್ಲ ಎರಡು ಪಾಲಾಗುತ್ತವೆ. ಮೊದಲ ವಾರದಲ್ಲಿ ನಾನೇ ಹಾಗೆ ಮಾಡಿದ್ದೆ. ಕಪಾಟಿನಲ್ಲಿ ಪುಸ್ತಕ ಕಣ್ಣಿಗೆ ಕಾಣುತ್ತಿತ್ತು, ಹುಡುಕಿದರೆ ಇಲ್ಲ ಅನ್ನುತ್ತಿತ್ತು. ಅವತ್ತು ಈ ಕೆಲಸದ ಭಾರ ಗೊತ್ತಾಯಿತು.

ಹೋದ ವಾರ ಒಂದು ಜನಪದ ಗೀತೆಗಳ ಸಂಗ್ರಹ ಬಂತು. ಹಳೆಯದು, ಯಾರೋ ದಾನ ಕೊಟ್ಟದ್ದು. ಸಂಗ್ರಹಕಾರರ ಹೆಸರನ್ನು 700ನೇ ಮನೆಯಲ್ಲಿ, ಅಂದರೆ ಕೃತಿಗೆ ಕೈ ಜೋಡಿಸಿದ ಇತರರ ಹೆಸರಿನ ಮನೆಯಲ್ಲಿ, ಹಾಕಿ ಮುಗಿಸಿದೆ. ಪುಟ ಎಣಿಸಲು ಕೊನೆಗೆ ಹೋದಾಗ, ಸಣ್ಣ ಅಕ್ಷರದಲ್ಲಿ ಹನ್ನೊಂದು ಹೆಸರು ಕಂಡವು. ಎಲ್ಲ ಹೆಂಗಸರು. ಹೆಸರಿನ ಮುಂದೆ ವಯಸ್ಸು ಮತ್ತು ಊರು. ಹಾಡಿದವರು.

ನಮ್ಮ ಮೇಡಂಗೆ ತೋರಿಸಿದೆ. ಅವರು ಪುಸ್ತಕದ ವಿವರಗಳನ್ನೆಲ್ಲ ಕಾರ್ಡಿನಲ್ಲಿ ಬರೆದಿಡುತ್ತಿದ್ದ ಕಾಲದಲ್ಲಿ ಕೆಲಸ ಕಲಿತವರು. 1978ರಲ್ಲಿ ಪ್ರಕಟವಾದ ಆಂಗ್ಲೋ-ಅಮೆರಿಕನ್ ಕ್ಯಾಟಲಾಗ್ ನಿಯಮಾವಳಿಯಲ್ಲಿ ಮೂವರ ನಿಯಮ ಅಂತ ಒಂದಿತ್ತಂತೆ. ಒಂದು ಕೃತಿಗೆ ಮೂರಕ್ಕಿಂತ ಹೆಚ್ಚು ಜನ ಇದ್ದರೆ ಮೊದಲನೆಯವರ ಹೆಸರು ಮಾತ್ರ, ಉಳಿದವರು 'ಇತರರು'. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಒಂದೊಂದು ಹೆಸರಿಗೂ ಇನ್ನೊಂದು ಕಾರ್ಡ್ ಟೈಪ್ ಮಾಡಬೇಕು, ಡ್ರಾಯರ್‌ನಲ್ಲಿ ಜಾಗ ಬೇಕು. 2010ರಲ್ಲಿ ಬಂದ ಆರ್‌ಡಿಎ ಅನ್ನುವ ಹೊಸ ನಿಯಮಾವಳಿ ಆ ಕಟ್ಟುಪಾಡನ್ನು ಸಡಿಲಿಸಿತು. "ಈಗ 700 ಎಷ್ಟು ಸಲ ಬೇಕಾದರೂ ಹಾಕಬಹುದು. ಕೂತು ಹಾಕು" ಅಂದರು.

ಮಧ್ಯಾಹ್ನವೆಲ್ಲ ಕೂತು ಹನ್ನೊಂದೂ ಹಾಕಿದೆ. ಇನ್ನು ಆ ಊರಿನ ಯಾವ ಮೊಮ್ಮಗಳಾದರೂ ತನ್ನ ಅಜ್ಜಿಯ ಹೆಸರು ಟೈಪ್ ಮಾಡಿದರೆ ಪುಸ್ತಕ ಎದುರಿಗೆ ಬರುತ್ತದೆ. ಖುಷಿಯಾಗಬೇಕಿತ್ತು ಅಲ್ವಾ? ಊಟ ಸೇರಲಿಲ್ಲ ಕಣೋ.

ನಮ್ಮ ಬಿಎ ಪ್ರಾಜೆಕ್ಟ್ ನೆನಪಿದೆಯಾ? ನಮ್ಮೂರಿನ ಸೋಬಾನೆ ಪದ, ರಾಗಿ ಬೀಸುವ ಪದ. ಜಗಲಿಯ ಮೇಲೆ ನೀನು ಮೊಬೈಲ್ ಹಿಡಿದಿದ್ದೆ, ನಾನು ಬರೆದುಕೊಳ್ಳುತ್ತಿದ್ದೆ. 23 ಪದ ಸಿಕ್ಕಿದವು. ಅದರಲ್ಲಿ 14 ಹಿತ್ತಲಮನೆ ಅಜ್ಜಿ ಒಬ್ಬರೇ ಹೇಳಿದ್ದು. ಮೊದಲ ಪುಟದಲ್ಲಿ 'ಸಂಗ್ರಹ' ಎಂದು ನನ್ನ ಹೆಸರು ದಪ್ಪಗೆ ಬರೆದೆ. ಕೃತಜ್ಞತೆಯಲ್ಲಿ ನಿನ್ನ ಹೆಸರು, ಮೇಷ್ಟ್ರ ಹೆಸರು, ಡಿಟಿಪಿ ಅಂಗಡಿಯ ಹೆಸರೂ ಇತ್ತು. ಹಾಡಿದವರಿಗೆ 'ಊರಿನ ಹಿರಿಯರು' ಎಂಬ ಎರಡೇ ಮಾತು.

ಇದರ ಮುಂದಿನದನ್ನು ನಿನಗೂ ಹೇಳಿರಲಿಲ್ಲ. ಬೈಂಡ್ ಮಾಡಿಸಿದ ಪ್ರತಿಯನ್ನು ಊರಿಗೆ ತಂದಿದ್ದೆ. ಹಿತ್ತಲಮನೆ ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ. "ಇದ್ರಲ್ಲಿ ನಾನೆಲ್ಲಿವ್ನಿ?" ಅಂತ ಕೇಳಿದರು. ನಾನು ಯಾವುದೋ ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿ" ಅಂದೆ. ಅವರು ಆ ಸಾಲನ್ನು ಎರಡು ಸಲ ಸವರಿದರು. ಆಮೇಲೆ ಒಳಗೆ ಹೋಗಿ ನನಗೆ ಒಂದು ಉಂಡೆ ಬೆಲ್ಲ ತಂದುಕೊಟ್ಟರು. ನಾನು ತಿಂದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಅವರು ಹೋಗಿ ಎರಡು ವರ್ಷವಾಯಿತು. ಮೊನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅವರ ಹೆಸರು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಹಿತ್ತಲಮನೆ ಅಜ್ಜಿ ಅಂತಲೇ ಅಲ್ವಾ ಎಲ್ಲರೂ ಕರೀತಿದ್ದಿದ್ದು" ಅಂದರು. ಆ ಮನೆಗೆ ಈಗ ಬೀಗ. ಮಗ ಬೆಂಗಳೂರಿನಲ್ಲಿದ್ದಾನೆ, ನಂಬರ್ ಯಾರ ಹತ್ತಿರವೂ ಇಲ್ಲ. ನನಗೆ ಲೈಬ್ರರಿ ವಿಜ್ಞಾನ ಹೇಳಿಕೊಟ್ಟವರು ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದರು. 1931ರ ಸೂತ್ರಗಳು, ಇವತ್ತಿಗೂ ಅವೇ ನಮ್ಮ ಬುನಾದಿ. ಅವುಗಳಲ್ಲಿ ಪುಸ್ತಕ ಇದೆ, ಓದುಗ ಇದ್ದಾನೆ. ಓದಲು ಬಾರದೆ ಪುಸ್ತಕದೊಳಗೆ ಇರುವವರನ್ನು ಹುಡುಕಿಕೊಡುವುದೂ ನನ್ನ ಕೆಲಸ ಎಂದು ಈಗ ಅನ್ನಿಸುತ್ತಿದೆ.

ಈಗ ನಿನ್ನಿಂದ ಒಂದು ಸಹಾಯ ಬೇಕು. ಸ್ಕ್ರೀನ್ ಒಡೆದ ಆ ಹಳೇ ಮೊಬೈಲನ್ನು ನಿಮ್ಮಮ್ಮ ಬಿಸಾಕಿರಲ್ಲ, ನನಗೆ ಗೊತ್ತು. ಬ್ಯಾಟರಿ ಊದಿಕೊಂಡಿದ್ದರೆ ಚಾರ್ಜಿಗೆ ಹಾಕಬೇಡ, ಮೆಮೊರಿ ಕಾರ್ಡ್ ಮಾತ್ರ ತೆಗಿ. ಮೊದಲ ರೆಕಾರ್ಡಿಂಗ್ ಶುರುವಾಗುವಾಗ ನಾಯಿ ಬೊಗಳುತ್ತದೆ, ನೀನು ಅದನ್ನು ಗದರಿಸುತ್ತೀಯ. ಅದಾದ ಮೇಲೆ ಮೈಕ್ ಪರೀಕ್ಷೆ ಮಾಡಲು "ಅಜ್ಜಿ, ನಿಮ್ಮ ಹೆಸರು ಹೇಳಿ" ಅಂತ ನೀನೇ ಕೇಳಿದ್ದೆ ಅನ್ನುವುದು ನನ್ನ ನೆನಪು. ಅವರು ಏನೋ ಹೇಳಿ ನಕ್ಕಿದ್ದರು. ನಾನು ಪೆನ್ನಿನ ಕ್ಯಾಪ್ ಹುಡುಕುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಭಾನುವಾರದೊಳಗೆ ನೋಡು. ಸಿಕ್ಕರೆ ಮೆಸೇಜ್ ಬೇಡ, ಫೋನ್ ಮಾಡು. ಸಿಗದಿದ್ದರೂ ಬಾ, ತಿಂಡಿ ನಾನು ಕೊಡಿಸುತ್ತೇನೆ. ಇಡ್ಲಿ ಆರೇ.

ನಿನ್ನ,
ಅಡಿಪಟ್ಟಿ ಹಿಡಿದ ಗೆಳತಿ